ಶಾಲು ಹೊದಿಸಿದ ಮಾರನೇ ದಿನ ಅಕ್ಕ ಪೂಲಿಗೆ ಬರ್ಲಿಲ್ಲ: ನಮ್ಮ ಈಜು ಟೀಮಿನ ಸ್ಫೂರ್ತಿ ಪ್ರಶಸ್ತಿ, ಒಂದು ಪ್ರಕರಣ ಅಧ್ಯಯನ

ಮೊದ್ಲೇ ಹೇಳ್ಬಿಡ್ತೀನಿ, ಇದನ್ನ ಬರೆಯೋಕೆ ಅಕ್ಕನ ಒಪ್ಪಿಗೆ ಇದೆ. ಎರಡು ಷರತ್ತು ಹಾಕಿದಾರೆ, ಹೆಸರು ಬರಬಾರ್ದು, ಅವರಿಗೆ ಏನು ಕಾಯಿಲೆ ಇತ್ತು ಅನ್ನೋದು ಬರಬಾರ್ದು. ಹಂಗಾಗಿ ಇಲ್ಲಿ ಅವರು ಬರೀ "ಅಕ್ಕ". ಉಳಿದವರ ಹೆಸರೂ ಹಾಕ್ತಿಲ್ಲ, ಪೂಲ್ ಹೆಸರೂ ಇಲ್ಲ. ಬೆಂಗಳೂರಿನ ಸೌತ್ ಕಡೆ ಒಂದು 25 ಮೀಟರ್ ಪೂಲ್, ಆರು ಲೇನ್, ಬೆಳಗ್ಗೆ ಐದೂಮುಕ್ಕಾಲಿಂದ ಆರೂಮುಕ್ಕಾಲರ ತನಕ ನಮ್ಮ ದೊಡ್ಡೋರ ಬ್ಯಾಚ್, ಇಷ್ಟು ಗೊತ್ತಿದ್ರೆ ಸಾಕು.

ಯಾಕೆ ಇಷ್ಟು ಉದ್ದ ಬರೀತಿದೀನಿ ಅಂದ್ರೆ, ಈಚೆಗೆ ಬೇರೆ ಬೇರೆ ಪೂಲಿನವರು, ಅಪಾರ್ಟ್‌ಮೆಂಟ್ ಟೀಮಿನವರು ಫೋನ್ ಮಾಡಿ "ನಿಮ್ಮಲ್ಲಿ ಸ್ಫೂರ್ತಿ ಪ್ರಶಸ್ತಿ ಕೊಡ್ತೀರಂತೆ, ಸನ್ಮಾನ ಪತ್ರದ ಫಾರ್ಮ್ಯಾಟ್ ಕಳ್ಸಿ" ಅಂತ ಕೇಳ್ತಾರೆ. ಬರೀ ಫಾರ್ಮ್ಯಾಟ್ ಕಳ್ಸಿದ್ರೆ ನಾವು ಮಾಡಿದ ತಪ್ಪನ್ನೇ ಅವರೂ ಮಾಡ್ತಾರೆ ಅನ್ನೋ ಭಯ ನನಗೆ. ಅದಕ್ಕೆ ಆಗಿದ್ದನ್ನ ಆದ ಹಾಗೇ ಹೇಳ್ತೀನಿ.

ನಮ್ಮ ಬ್ಯಾಚ್ ಹೇಗಿದೆ

36 ಜನ ಇದೀವಿ. ಎಲ್ಲರಿಗಿಂತ ಚಿಕ್ಕವಳಿಗೆ 26, ಎಲ್ಲರಿಗಿಂತ ದೊಡ್ಡವರಿಗೆ 71, ಅವರು ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು, ಈಗಲೂ ಎಲ್ಲರೂ ಮೇಷ್ಟ್ರೇ ಅಂತಾನೇ ಕರೀತೀವಿ. ಸ್ಕೂಲ್, ಕಾಲೇಜಲ್ಲಿ ಕಾಂಪಿಟಿಷನ್ ಈಜಿದವರು ನಾಲ್ಕೇ ಜನ. ಏಳೆಂಟು ಜನ ಊರ ಬಾವಿಯಲ್ಲೋ ಕೆರೆಯಲ್ಲೋ ಸೊಂಟಕ್ಕೆ ಸೋರೆಬುರುಡೆ ಕಟ್ಕೊಂಡು ಕಲ್ತವರು, ಅವರಿಗೆ ನೀರಿನ ಭಯ ಇಲ್ಲ ಆದ್ರೆ ತಲೆ ನೀರೊಳಗೆ ಇಡೋ ಅಭ್ಯಾಸ ಇಲ್ಲ, ಕತ್ತು ಎತ್ಕೊಂಡೇ ಈಜ್ತಾರೆ. ಉಳಿದವರೆಲ್ಲ ನಲವತ್ತು ದಾಟಿದ ಮೇಲೆ ಡಾಕ್ಟರ್ ಹೇಳಿದ್ರು ಅಂತಲೋ, ಮಕ್ಕಳನ್ನ ಸಮ್ಮರ್ ಕ್ಯಾಂಪಿಗೆ ಬಿಡೋಕೆ ಬಂದವರು ತಾವೂ ಸೇರ್ಕೊಂಡ್ರು ಅಂತಲೋ ಬಂದವರು. ನಾನು ಆ ಕೊನೇ ಗುಂಪು. ಫೀಸು, ಮೀಟ್ ಎಂಟ್ರಿ, ಲೆಕ್ಕಪತ್ರ ನಾನೇ ನೋಡ್ಕೋತೀನಿ, ಅಂದ್ರೆ ಸೆಕ್ರೆಟರಿ ಕೆಲಸ.

ಗೊತ್ತಿಲ್ಲದವರಿಗೆ ಒಂದು ಮಾತು, ದೊಡ್ಡೋರ ಈಜು ಸ್ಪರ್ಧೆಗೆ ಮಾಸ್ಟರ್ಸ್ ಅಂತಾರೆ, ಅಂತಾರಾಷ್ಟ್ರೀಯ ನಿಯಮದಲ್ಲಿ 25 ವರ್ಷ ಆಗಿರ್ಬೇಕು, ಆಮೇಲೆ ಐದೈದು ವರ್ಷಕ್ಕೊಂದು ಗುಂಪು, 25ರಿಂದ 29, 30ರಿಂದ 34, ಹೀಗೆ ನೂರು ದಾಟಿದವರಿಗೂ ಗುಂಪಿದೆ. ವಯಸ್ಸನ್ನ ಆ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಹಾಕ್ತಾರೆ.

ಜನವರಿ ಕೊನೇಲಿ ನಮ್ಮದು ಆನ್ಯುಯಲ್ ಡೇ. ಅವತ್ತು ಹೆಚ್ಚು ಪಾಯಿಂಟ್ ತಗೊಂಡವರಿಗೆ ಟ್ರೋಫಿ. ಮೂರು ವರ್ಷ ಅದೇ ನಾಲ್ಕು ಜನಕ್ಕೆ ಹೋಯ್ತು. ಅವರದ್ದೇನೂ ತಪ್ಪಿಲ್ಲ, ಚೆನ್ನಾಗಿ ಈಜ್ತಾರೆ ತಗೋತಾರೆ. ಆದ್ರೆ ಉಳಿದ 32 ಜನ ಚಪ್ಪಾಳೆ ತಟ್ಟಿ ತಟ್ಟಿ ಉಪ್ಪಿಟ್ಟು ಕೇಸರಿಬಾತ್ ತಿಂದು ಮನೆಗೆ ಹೋಗೋದು. ಮೂರನೇ ವರ್ಷ ಒಬ್ಬರು ಗೃಹಿಣಿ ನನ್ನ ಹತ್ರ ಬಂದು "ನಾನು ಈ ವರ್ಷ ಮೊದಲ್ನೇ ಸಲ ನಿಲ್ಲದೇ 400 ಮೀಟರ್ ಹೊಡ್ದೆ, ಅದನ್ನ ಎಲ್ಲೂ ಬರ್ಕೊಳಲ್ವಾ ನೀವು?" ಅಂತ ಕೇಳಿದ್ರು. ಸಿಟ್ಟಿಂದ ಕೇಳಿದ್ದಲ್ಲ, ನಿಜವಾಗ್ಲೂ ತಿಳ್ಕೊಳೋಕೆ ಕೇಳಿದ್ದು. ಆ ಪ್ರಶ್ನೆ ನನ್ನನ್ನ ಬಿಡಲೇ ಇಲ್ಲ. ಕಮಿಟಿಯಲ್ಲಿ ಮಾತಾಡಿ ಮುಂದಿನ ವರ್ಷದಿಂದ ಒಂದು ಸ್ಫೂರ್ತಿ ಪ್ರಶಸ್ತಿ ಇಡೋಣ, ವೇಗಕ್ಕಲ್ಲ, ನಮಗೆಲ್ಲ ಹುರುಪು ಕೊಟ್ಟವರಿಗೆ ಅಂತ ತೀರ್ಮಾನ ಆಯ್ತು. ಉದ್ದೇಶ ಒಳ್ಳೇದೇ ಇತ್ತು, ಅದನ್ನ ಇವತ್ತಿಗೂ ಹೇಳ್ತೀನಿ.

ಮೊದಲ ವರ್ಷ ನಾವು ಮಾಡಿದ್ದು

ಯಾರಿಗೆ ಕೊಡ್ಬೇಕು ಅಂತ ಐದು ಜನರ ಕಮಿಟಿ ಕೂತ್ವಿ. ಹತ್ತು ನಿಮಿಷದಲ್ಲಿ ಮುಗೀತು. ಸ್ಫೂರ್ತಿ ಅಂದ ತಕ್ಷಣ ಎಲ್ಲರ ತಲೆಗೂ ಬಂದಿದ್ದು ಒಂದೇ, ಯಾರಿಗೆ ದೊಡ್ಡ ಕಷ್ಟ ಬಂದಿತ್ತು? ಆಗ ನಾನೇ ಬಾಯಿಬಿಟ್ಟೆ, ಅಕ್ಕನ ವಿಷ್ಯ ಹೇಳ್ದೆ.

ನನಗೆ ಅದು ಹೇಗೆ ಗೊತ್ತಿತ್ತು ಅನ್ನೋದನ್ನ ಬಚ್ಚಿಡಬಾರ್ದು. ಸೇರುವಾಗ ಎಲ್ಲರೂ ಒಂದು ಹೆಲ್ತ್ ಫಾರ್ಮ್ ತುಂಬ್ತಾರೆ, ಬಿಪಿ, ಶುಗರ್, ಆಪರೇಷನ್ ಏನಾದ್ರೂ ಆಗಿದ್ಯಾ, ಎಮರ್ಜೆನ್ಸಿಗೆ ಯಾರಿಗೆ ಫೋನ್ ಮಾಡ್ಬೇಕು ಅಂತ. ಅಕ್ಕ ಅದರಲ್ಲಿ ಬರ್ದಿದ್ರು. ಆ ಫಾರ್ಮಿನ ತಲೆಮೇಲೇ "ತುರ್ತು ಸಂದರ್ಭಕ್ಕೆ ಮಾತ್ರ" ಅಂತ ಅಚ್ಚಾಗಿದೆ. ಅಚ್ಚು ಹಾಕ್ಸಿದವನೂ ನಾನೇ.

ಆಮೇಲೆ ನಡೆದಿದ್ದೆಲ್ಲ ನಮ್ಮ ಕಡೆ ಸನ್ಮಾನ ಹೇಗೆ ನಡೆಯುತ್ತೋ ಹಂಗೇ ನಡೀತು. ಪಕ್ಕದ ಬೀದಿಯ ಹಾಲ್ ಬುಕ್ ಮಾಡಿದ್ವಿ, ಸ್ಟೇಜ್ ಮೇಲೆ ಗತ್ತಿನ ಕುರ್ಚಿ, ಮೈಸೂರು ಪೇಟ, ಜರಿ ಶಾಲು, ಗಂಧದ ಹಾರ, ಪ್ಲಾಸ್ಟಿಕ್ ಕವರ್ ಸುತ್ತಿದ ಹಣ್ಣಿನ ಬುಟ್ಟಿ, ಫ್ರೇಮ್ ಹಾಕ್ಸಿದ ಸನ್ಮಾನ ಪತ್ರ. ಪತ್ರ ಬರೆದಿದ್ದು ನಾನು. "ಸಾವಿನ ದವಡೆಯಿಂದ ಪಾರಾಗಿ ಬಂದ ಧೀರ ಮಹಿಳೆ" ಅಂತ ಶುರು, ಆಮೇಲೆ ಕಾಯಿಲೆ ಹೆಸರು, ಎಷ್ಟು ಆಪರೇಷನ್ನು, ಎಷ್ಟು ತಿಂಗಳು ಹಾಸಿಗೆ ಹಿಡಿದಿದ್ರು, ಎಲ್ಲ ಬರ್ದಿದ್ದೆ. ಬರೆಯುವಾಗ ನನಗೇ ಕಣ್ಣು ತುಂಬಿ ಬಂದಿತ್ತು, ಅಂದ್ರೆ ಅಷ್ಟು ಮನಸ್ಸಿಟ್ಟು ಬರ್ದಿದ್ದೆ. ಅಕ್ಕನಿಗೆ ಸರ್ಪ್ರೈಸ್ ಇರ್ಲಿ ಅಂತ ಒಂದು ಮಾತೂ ಹೇಳಿರ್ಲಿಲ್ಲ, ಬರೀ ಮನೆಯವರನ್ನೆಲ್ಲ ಕರ್ಕೊಂಡ್ ಬನ್ನಿ ಅಂದಿದ್ವಿ.

ನಿರೂಪಣೆ ಮಾಡ್ತಿದ್ದ ಹುಡುಗಿ ಮೈಕಲ್ಲಿ ಎರಡನೇ ಸಾಲು ಓದುವಾಗ ನಾನು ಅಕ್ಕನ ಮುಖ ನೋಡ್ತಿದ್ದೆ. ನಗು ಹಂಗೇ ಇತ್ತು, ಆದ್ರೆ ಕೈ ಮಾತ್ರ ಶಾಲಿನ ಅಂಚನ್ನ ಮಡಚ್ತಾ ಇತ್ತು, ಒಂದು ಮಡಿಕೆ, ಅದರ ಮೇಲೆ ಇನ್ನೊಂದು, ಪತ್ರ ಓದಿ ಮುಗಿಯೋವರೆಗೂ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಅಕ್ಕ ಕೈ ಮುಗಿದು ಕೆಳಗಿಳಿದ್ರು, ಶಾಲು ತೆಗೆದು ಕುರ್ಚಿ ಮೇಲೆ ಇಟ್ರು, ಊಟಕ್ಕೆ ನಿಲ್ಲದೇ ಹೋದ್ರು.

ಮಾರನೇ ದಿನ ಬರ್ಲಿಲ್ಲ. ಸುಸ್ತಾಗಿರ್ಬೇಕು ಅಂದ್ಕೊಂಡ್ವಿ. ಒಂದು ವಾರ ಆಯ್ತು, ಎರಡು ವಾರ ಆಯ್ತು, ನಾಲ್ಕು ವರ್ಷದಲ್ಲಿ ಹಬ್ಬ ಹುಣ್ಣಿಮೆ ಬಿಟ್ರೆ ತಪ್ಪಿಸದೇ ಇದ್ದವರು. ಅಷ್ಟರಲ್ಲಿ ಫಂಕ್ಷನ್ ವಿಡಿಯೋನ ನಮ್ಮಲ್ಲೇ ಯಾರೋ ಅವರ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು, ಹೆಮ್ಮೆಯಿಂದಾನೇ ಹಾಕಿದ್ರು. ನಾನು ಮೂರು ಸಲ ಫೋನ್ ಮಾಡ್ದೆ, ಎತ್ಲಿಲ್ಲ.

ಅಕ್ಕನ ಮನೇಲಿ

ಮಾರ್ಚಿನಲ್ಲಿ ಕೋಚ್ ಸರ್ ಜೊತೆ ಅವರ ಮನೆಗೆ ಹೋದೆ. ಬಾಗಿಲು ತೆಗೆದು "ಬನ್ನಿ ಸರ್, ಬಾಪ್ಪ" ಅಂತ ಒಳಗೆ ಕರೆದು ಕಾಫಿ ಕೊಟ್ರು. ಸನ್ಮಾನ ಪತ್ರದ ಫ್ರೇಮು ಸೋಫಾ ಹಿಂದೆ ಗೋಡೆಗೆ ಮುಖ ಮಾಡಿ ಒರಗ್ಸಿತ್ತು. ಅಕ್ಕ ಅದನ್ನ ತೆಗೆದು ಕೋಚ್ ಸರ್ ಕೈಗೆ ಕೊಟ್ಟು, "ಸರ್, ಇದರಲ್ಲಿ ಈಜು ಅನ್ನೋ ಪದ ಎಷ್ಟು ಸಲ ಬಂದಿದೆ ಎಣಿಸಿ" ಅಂದ್ರು.

ಸರ್ ಬೆರಳಿಟ್ಟು ಎಣಿಸಿದ್ರು. ಒಂದು ಸಲ. ಅದೂ ಟೀಮಿನ ಹೆಸರಲ್ಲಿ.

ಆಮೇಲೆ ಅಕ್ಕ ನಿಧಾನಕ್ಕೆ ಹೇಳಿದ್ರು. ಮನೆಯವರು ಮತ್ತೆ ಇಬ್ಬರು ಗೆಳತಿಯರನ್ನ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲವಂತೆ, ಗೊತ್ತಾಗೋದು ಬೇಡ ಅಂತ ಅವರೇ ತೀರ್ಮಾನ ಮಾಡಿದ್ದು. ವಿಡಿಯೋ ಬಂದ ಮೇಲೆ ಲಿಫ್ಟಲ್ಲಿ ಸಿಕ್ಕವರು, ತರಕಾರಿ ಗಾಡಿ ಹತ್ರ ಸಿಕ್ಕವರು, ಎಲ್ಲರೂ ದನಿ ಇಳಿಸಿ "ಈಗ ಹೇಗಿದೀರಾ?" ಅಂತ ಕೇಳೋದು. "ನಾನು ಚೆನ್ನಾಗಿದೀನಿ ನೋಡಪ್ಪ, ನಾಲ್ಕು ವರ್ಷದಿಂದ ಚೆನ್ನಾಗೇ ಇದೀನಿ. ಪೂಲಲ್ಲಿ ಮಾತ್ರ ನನ್ನನ್ನ ಯಾರೂ ಹಂಗೆ ನೋಡ್ತಿರ್ಲಿಲ್ಲ. ಅಲ್ಲಿ ನಾನು ಮೂರನೇ ಲೇನಿನವಳು ಅಷ್ಟೇ. ಅದೊಂದು ಜಾಗಾನೂ ಕಿತ್ಕೊಂಡ್ ಬಿಟ್ರಲ್ಲ ನೀವು."

ನಾನು ತಪ್ಪಾಯ್ತು ಅಕ್ಕ ಅಂದೆ. ಬೇರೆ ಏನೂ ಹೇಳೋಕೆ ಬಾಯಿ ಬರ್ಲಿಲ್ಲ. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದ್ರು, ಈ ಇಡೀ ಪ್ರಕರಣದ ತಿರುಳು ಅದೇ ಅಂತ ನನ್ನ ಅಭಿಪ್ರಾಯ: "ಕೊಡ್ಲೇಬೇಕು ಅಂತ ಇದ್ದಿದ್ರೆ ನಾನು ಅಲ್ಲಿ ಮಾಡಿದ ಕೆಲಸಕ್ಕೆ ಕೊಡಬಹುದಿತ್ತು. ಆ ಕೆಲಸ ನಿಮ್ಮಲ್ಲಿ ಒಬ್ರಿಗೂ ನೆನಪಾಗ್ಲಿಲ್ವಲ್ಲ."

ಏನು ಕೆಲಸ ಅದು ಅಂತ ನಿಮಗೆ ಹೇಳ್ಬೇಕು. ನೀರಿಗೆ ಮುಖ ಹಾಕೋಕೆ ಹೆದರೋ ಹೆಂಗಸರು ಹೊಸದಾಗಿ ಸೇರಿದಾಗ, ಕೋಚ್ ಸರ್ ಆರು ಲೇನ್ ನೋಡ್ಕೋಬೇಕಲ್ಲ, ಅಕ್ಕ ತಮ್ಮ ಸೆಟ್, ಅಂದ್ರೆ ಅವತ್ತು ಈಜಬೇಕಾದಷ್ಟು, ಮುಗಿಸಿ ಕೊನೇ ಹದಿನೈದು ನಿಮಿಷ ಅವರನ್ನ ಆಳ ಇಲ್ಲದ ಕಡೆ ಕರ್ಕೊಂಡು ಹೋಗಿ ಗೋಡೆಯ ಸರಳು ಹಿಡ್ಸಿ ನಿಲ್ಲಿಸ್ತಿದ್ರು. ತಾವೂ ಪಕ್ಕದಲ್ಲಿ ಸರಳು ಹಿಡ್ಕೊಂಡು, ಬಾಯಲ್ಲಿ ಗಾಳಿ ತಗೊಂಡು, ಮುಖ ನೀರಲ್ಲಿ ಇಟ್ಟು, ಮೂಗಿಂದ "ಹೂಂ" ಅಂತ ಗುನುಗ್ತಾ ಉಸಿರು ಬಿಡೋದು. ಗುನುಗಿದ್ರೆ ನೀರು ಮೂಗಿಗೆ ನುಗ್ಗಲ್ಲ, ಗುಳ್ಳೆ ಸಣ್ಣ ಸಣ್ಣದಾಗಿ ಬರುತ್ತೆ, ಮನಸ್ಸೂ ಗುನುಗೋ ಕಡೆ ಇರೋದ್ರಿಂದ ಭಯ ಹಿಂದೆ ಸರಿಯುತ್ತೆ. ಒಬ್ಬರಿಗೆ ಇದು ಬರೋಕೆ ಮೂರು ವಾರ ಆಯ್ತು, ಅಕ್ಕ ಮೂರು ವಾರಾನೂ ಪಕ್ಕದಲ್ಲಿ ನಿಂತು ಗುನುಗಿದ್ರು. ಡಿಸೆಂಬರ್ ಚಳಿಯಲ್ಲಿ, ಹೀಟರ್ ಇಲ್ಲದ ಪೂಲಲ್ಲಿ, ಕೈಕಾಲು ಆಡಿಸದೇ ಹದಿನೈದು ನಿಮಿಷ ನಿಲ್ಲೋದು ಅಂದ್ರೆ ಹಲ್ಲು ಕಟಕಟ ಅನ್ನುತ್ತೆ, ನಿಂತವರಿಗೇ ಗೊತ್ತು. ಹಿಂಗೆ ಎಂಟು ಜನ ಅವರ ಹತ್ರ ಉಸಿರು ಬಿಡೋದು ಕಲ್ತಿದಾರೆ. ನಿಲ್ಲದೇ 400 ಹೊಡೆದೆ ಅಂತ ನನ್ನನ್ನ ಕೇಳಿದ ಆ ಗೃಹಿಣಿಯೂ ಅವರಲ್ಲಿ ಒಬ್ಬರು.

ಇಷ್ಟೂ ನಮ್ಮ ಕಣ್ಣೆದುರೇ ದಿನಾ ನಡೀತಿತ್ತು. ಫಾರ್ಮಲ್ಲಿದ್ದ ಒಂದು ಸಾಲು ನಮಗೆ ಕಂಡ್ತು, ಇದು ಕಾಣ್ಲಿಲ್ಲ.

ಬೇರೆಯವರು ಏನು ಮಾಡಿದಾರೆ ಅಂತ ಹುಡುಕಿದ್ದು

ಆಮೇಲೆ ಒಂದೆರಡು ತಿಂಗಳು ನಾನು ಸಿಕ್ಕಿದ್ದೆಲ್ಲ ಓದ್ದೆ. ಎಲ್ಲಕ್ಕಿಂತ ನಾಟಿದ್ದು ಆಸ್ಟ್ರೇಲಿಯಾದ ಸ್ಟೆಲ್ಲಾ ಯಂಗ್ ಅವರ ಮಾತು. ಪತ್ರಕರ್ತೆ, ಹಾಸ್ಯ ಕಲಾವಿದೆ, ಮೂಳೆ ಸುಲಭವಾಗಿ ಮುರಿಯೋ ಕಾಯಿಲೆ ಹುಟ್ಟಿನಿಂದಲೇ ಇದ್ದು ವೀಲ್‌ಚೇರ್ ಬಳಸ್ತಿದ್ದವರು, 2014ರಲ್ಲಿ ಸಿಡ್ನಿಯಲ್ಲಿ ಮಾಡಿದ ಭಾಷಣದಲ್ಲಿ ತಮ್ಮ 15ನೇ ವಯಸ್ಸಿನ ಒಂದು ಘಟನೆ ಹೇಳ್ತಾರೆ. ಊರಿನವರೊಬ್ಬರು ಅವರ ಅಪ್ಪ ಅಮ್ಮನ ಹತ್ರ ಬಂದು ನಿಮ್ಮ ಮಗಳ ಹೆಸರನ್ನ ಸಮುದಾಯ ಸಾಧನೆ ಪ್ರಶಸ್ತಿಗೆ ಕೊಡ್ತೀವಿ ಅಂದ್ರಂತೆ. ಅಪ್ಪ ಅಮ್ಮ ಸಂತೋಷ, ಆದ್ರೆ ಅವಳು ಇನ್ನೂ ಏನೂ ಸಾಧಿಸಿಲ್ವಲ್ಲ ಅಂದ್ರಂತೆ. ಸ್ಕೂಲಿಗೆ ಹೋಗ್ತಿದ್ದ ಮಾಮೂಲಿ ಹುಡುಗಿ, ಅವಳ ದೇಹ ನೋಡಿಯೇ ಪ್ರಶಸ್ತಿ ಕೊಡೋಕೆ ಹೊರಟಿದ್ರು. ಇದನ್ನ ಓದಿದಾಗ ಸೋಫಾ ಹಿಂದಿನ ಆ ಫ್ರೇಮೇ ಕಣ್ಮುಂದೆ ಬಂತು. ಸ್ಟೆಲ್ಲಾ ಅದೇ ವರ್ಷ ಡಿಸೆಂಬರಲ್ಲಿ ತೀರಿಕೊಂಡ್ರು, 32 ವರ್ಷ ಅಷ್ಟೇ.

ಇನ್ನೊಂದು, ಅಮೆರಿಕದ ಮಾಸ್ಟರ್ಸ್ ಈಜಿನ ಕಥೆ. ಅಲ್ಲಿ ಇದನ್ನ ಶುರು ಮಾಡಿಸಿದವರಲ್ಲಿ ಮುಖ್ಯರು ರ್‍ಯಾನ್ಸಮ್ ಆರ್ಥರ್ ಅಂತ ನೌಕಾಪಡೆಯ ಡಾಕ್ಟರ್, ದೊಡ್ಡೋರು ಆರೋಗ್ಯಕ್ಕಾಗಿ ಈಜಬೇಕು, ಸ್ಪರ್ಧೆ ಇದ್ರೆ ಅಭ್ಯಾಸ ಬಿಡಲ್ಲ ಅನ್ನೋದು ಅವರ ವಾದ. 1970ರಲ್ಲಿ ಟೆಕ್ಸಸ್ಸಿನ ಅಮರಿಲ್ಲೋದಲ್ಲಿ ಮೊದಲ ಮೀಟ್ ಆದಾಗ ಬಂದಿದ್ದು 46 ಜನ, ನಮ್ಮ ಬ್ಯಾಚಿಗಿಂತ ಹತ್ತು ಜಾಸ್ತಿ ಅಷ್ಟೇ. ಅವರ ಹೆಸರಲ್ಲಿ 1973ರಿಂದ ಕೊಡ್ತಾ ಬಂದಿರೋ ಪ್ರಶಸ್ತಿ ಯಾರ ವೇಗಕ್ಕೂ ಅಲ್ಲ, ಯಾರ ಕಷ್ಟಕ್ಕೂ ಅಲ್ಲ, ಮಾಸ್ಟರ್ಸ್ ಈಜು ಬೆಳೆಯೋಕೆ ದುಡಿದವರಿಗೆ. ಅಂದ್ರೆ ಮಾಡಿದ ಕೆಲಸಕ್ಕೆ. ಅಕ್ಕ ಹೇಳಿದ್ದೂ ಅದೇ ತಾನೇ.

ಎರಡನೇ ವರ್ಷ

ಅಕ್ಟೋಬರಲ್ಲಿ ಒಂದು ರಟ್ಟಿನ ಡಬ್ಬ ತಂದು ಲಾಕರ್ ರೂಮಿನ ಹೊರಗೆ ಇಟ್ವಿ. "ಯಾರು ನಿಮಗೆ ಸ್ಫೂರ್ತಿ" ಅಂತ ಕೇಳ್ಲಿಲ್ಲ, ಹಂಗೆ ಕೇಳಿದ್ರೆ ಮತ್ತೆ ಎಲ್ಲರೂ ಯಾರಿಗೆ ಕಾಯಿಲೆ, ಯಾರಿಗೆ ವಯಸ್ಸು ಅಂತಾನೇ ಹುಡುಕ್ತಾರೆ. ಚೀಟಿ ಮೇಲೆ ಇದ್ದಿದ್ದು ಒಂದೇ ಪ್ರಶ್ನೆ: "ಈ ವರ್ಷ ನೀರಲ್ಲಿ ಅಥವಾ ದಡದಲ್ಲಿ ಯಾರಿಂದ ಏನು ಕಲಿತ್ರಿ? ಯಾವತ್ತು ನಡೆದಿದ್ದು ಅದು?" ಆ "ಯಾವತ್ತು" ಅನ್ನೋದು ಲೆಕ್ಕದ ಮೇಷ್ಟ್ರ ಸಲಹೆ. ದಿನ ನೆನಪಿಸ್ಕೊಳೋಕೆ ಹೊರಟ್ರೆ ಘಟನೆ ಬರುತ್ತೆ, ಇಲ್ಲಾಂದ್ರೆ ಬರೀ ಹೊಗಳಿಕೆ ಬರುತ್ತೆ ಅಂದ್ರು. ನೂರಕ್ಕೆ ನೂರು ನಿಜ ಆಯ್ತು.

ಡಬ್ಬ ತೆರೆದಾಗ 36 ಜನರಲ್ಲಿ 29 ಜನ ಬರ್ದಿದ್ರು. ಕೋಚ್ ಸರ್ ಹೆಸರಿದ್ದ ಆರು ಚೀಟಿ ಪಕ್ಕಕ್ಕಿಟ್ವಿ, ಅವರು ಸಂಬಳ ತಗೊಂಡು ಕಲಿಸ್ತಾರೆ, ಅವರಿಗೆ ಟೀಚರ್ಸ್ ಡೇ ದಿನ ಬೇರೆ ಮಾಡ್ತೀವಿ. ಉಳಿದ ಚೀಟಿಗಳನ್ನ ಓದ್ತಾ ಓದ್ತಾ ನಮಗೆ ನಮ್ಮ ಟೀಮೇ ಹೊಸದಾಗಿ ಕಂಡ್ತು.

ಸಿಟಿ ಬಸ್ ಓಡ್ಸಿ ರಿಟೈರ್ ಆದ ಅಣ್ಣ ಒಬ್ರಿದಾರೆ. ಐದೂಕಾಲಿಗೇ ಬಂದು ಲೇನ್ ರೋಪ್ ಎಳೆದು ಕಟ್ಟಿರ್ತಾರೆ, ತಣ್ಣಗಿನ ಕಬ್ಬಿಣದ ಕೊಕ್ಕೆ, ನೆನೆದ ಹಗ್ಗ, ಐದು ರೋಪ್. ನಾವೆಲ್ಲ ಪೂಲಿನ ಹುಡುಗ್ರು ಕಟ್ತಾರೆ ಅಂದ್ಕೊಂಡಿದ್ವಿ. ಕೇಳಿದ್ರೆ "ಡಿಪೋದಲ್ಲಿ ಬೆಳಗ್ಗೆ ಮೊದಲ ಗಾಡಿ ತೆಗೀತಿದ್ದೆ, ಅಭ್ಯಾಸ" ಅಂದ್ರು, ಅಷ್ಟೇ.

ನನ್ನ ಮನಸ್ಸಲ್ಲಿ ಉಳ್ಕೊಂಡಿರೋದು ಮಾತ್ರ ಟೆನಿಸ್ ಬಾಲಿನ ಚೀಟಿ. ನಮ್ಮಲ್ಲಿ ಕಣ್ಣು ಕಾಣದ ಒಬ್ಬರು ಈಜ್ತಾರೆ, ಬ್ಯಾಂಕ್ ಉದ್ಯೋಗಿ. ಕಾಣದವರು ವೇಗವಾಗಿ ಈಜುವಾಗ ಗೋಡೆ ಬಂತು ಅನ್ನೋದು ಗೊತ್ತಾಗ್ಬೇಕಲ್ಲ, ಇಲ್ಲಾಂದ್ರೆ ತಲೆ ಹೊಡ್ಕೋತಾರೆ, ಅದಕ್ಕೆ ದಡದಲ್ಲಿ ಒಬ್ಬರು ಕೋಲು ಹಿಡಿದು ನಿಂತು ಮುಟ್ಟಿ ಸೂಚನೆ ಕೊಡ್ತಾರೆ, ಟ್ಯಾಪರ್ ಅಂತಾರೆ ಅವರಿಗೆ. ಪ್ಯಾರಾ ಈಜಿನಲ್ಲಿ ಪೂರ್ತಿ ಕಾಣದವರ ಗುಂಪಿಗೆ ಎರಡೂ ತುದಿಯಲ್ಲಿ ಟ್ಯಾಪರ್ ಇರ್ಲೇಬೇಕು ಅಂತ ನಿಯಮಾನೇ ಇದೆ. ನಮ್ಮಲ್ಲಿ ಒಂದು ತುದಿಗೆ ಗ್ಯಾರೇಜ್ ಇಟ್ಕೊಂಡಿರೋ ಒಬ್ಬ ಮೆಂಬರ್ ನಿಲ್ತಾರೆ, ಬಿದಿರು ಕೋಲಿನ ತುದಿಗೆ ಟೆನಿಸ್ ಬಾಲ್ ಕೊರೆದು ಸಿಕ್ಕಿಸಿ, ಮೇಲೆ ಸೈಕಲ್ ಟ್ಯೂಬ್ ಸುತ್ತಿದಾರೆ ಜಾರದ ಹಾಗೆ. ಗೋಡೆಗೆ ಒಂದೂವರೆ ಸ್ಟ್ರೋಕ್ ಇದೆ ಅನ್ನುವಾಗ ತಲೆಗೆ ಮೆತ್ತಗೆ ಒಂದು ಸಲ. ಬೇಗ ಮುಟ್ಟಿದ್ರೆ ಈಜೋರು ಗೋಡೆ ಹತ್ರ ಪಲ್ಟಿ ಹೊಡೆದು ತಿರುಗೋ ಫ್ಲಿಪ್ ಟರ್ನ್ ಬೇಗ ತಗೊಂಡು ಕಾಲಿಗೆ ಗೋಡೆ ಸಿಗಲ್ಲ, ತಡ ಆದ್ರೆ ಏಟು. ಇದನ್ನ ಸರಿ ಮಾಡ್ಕೊಳೋಕೆ ಇಬ್ಬರೂ ಒಂದು ಮಳೆಗಾಲ ಪೂರ್ತಿ ತಗೊಂಡಿದಾರೆ. ಇನ್ನೊಂದು ತುದಿಗೆ ನಿಲ್ಲೋದು ಪೂಲಿನ ವಾಚ್‌ಮನ್, ನೈಟ್ ಡ್ಯೂಟಿ ಆರಕ್ಕೆ ಮುಗಿದ ಮೇಲೆ ಅರ್ಧ ಗಂಟೆ ಉಳ್ಕೊಂಡು.

ಕಮಿಟಿಯವರು ಮತ್ತೆ ಹಳೇ ದಾರಿಗೇ ಜಾರೋದ್ರಲ್ಲಿದ್ರು. "ಕಣ್ಣಿಲ್ಲದಿದ್ರೂ ಈಜುವ ಸಾಧಕ" ಅಂತ ಬ್ಯಾಂಕಿನ ಗೆಳೆಯನಿಗೆ ಕೊಡೋಣ ಅಂದ್ರು ಒಬ್ರು. ಈ ಸಲ ನಾವು ಮೊದಲು ಕೇಳಿದ್ವಿ. ಅವರು ನೇರವಾಗಿ ಹೇಳಿದ್ರು: "ಕಣ್ಣಿಗೆ ಕೊಡೋದಾದ್ರೆ ಬೇಡ. ನನ್ನ ಫ್ಲಿಪ್ ಟರ್ನಿಗೆ ಕೊಡಿ ಬೇಕಾದ್ರೆ, ಅದು ಈ ಬ್ಯಾಚಲ್ಲಿ ಅರ್ಧ ಜನಕ್ಕಿಂತ ಚೆನ್ನಾಗಿದೆ. ಆದ್ರೆ ಆ ಟರ್ನು ಮೂರು ಜನದ್ದು, ಮೂರು ಜನಕ್ಕೂ ಕೊಡಿ." ವಾಚ್‌ಮನ್ ಮೆಂಬರ್ ಅಲ್ವಲ್ಲ, ರೂಲ್ಸಲ್ಲಿ ಮೆಂಬರಿಗೆ ಮಾತ್ರ ಅಂತ ಇದೆ ಅಂತ ಅರ್ಧ ಗಂಟೆ ಚರ್ಚೆ ಆಯ್ತು. ಕೊನೆಗೆ ರೂಲ್ಸ್ ತಿದ್ದಿದ್ವಿ. ತಿದ್ದಿದ್ದೇ ಸರಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಇನ್ನು ಮೇಷ್ಟ್ರು. ಅವರ ಬಗ್ಗೆ ಐದು ಚೀಟಿ ಬಂದಿತ್ತು, ಐದರಲ್ಲೂ ಅವರ ವಯಸ್ಸಿತ್ತು. ಅದನ್ನ ಬಿಡಬೇಕಾ ಅಂತ ಕೇಳಿದ್ರೆ ಮೇಷ್ಟ್ರು ಯಾಕೆ ಬಿಡ್ಬೇಕು ಅಂದ್ರು. ಮಾಸ್ಟರ್ಸಲ್ಲಿ ರಿಲೇಗೆ ನಾಲ್ಕು ಜನರ ವಯಸ್ಸು ಕೂಡಿಸಿ ಗುಂಪು ಮಾಡ್ತಾರೆ, 160ರಿಂದ 199, 200ರಿಂದ 239, 240ರಿಂದ 279, ಹಿಂಗೆ. ನವೆಂಬರಲ್ಲಿ ನಮ್ಮಲ್ಲೇ ಅದೇ ನಿಯಮದಲ್ಲಿ ರಿಲೇ ಇಟ್ಟಿದ್ವಿ. 47, 58, 64 ವರ್ಷದ ಮೂರು ಜನ ಇದ್ರು, ಕೂಡಿದ್ರೆ 169. ಮೇಷ್ಟ್ರ 71 ಸೇರಿ ಸರಿಯಾಗಿ 240. ಅವರ ಹುಟ್ಟುಹಬ್ಬ ಡಿಸೆಂಬರಲ್ಲಿ, ರಿಲೇ ದಿನ ಇನ್ನೂ 70, ಆದ್ರೆ ಲೆಕ್ಕ ಡಿಸೆಂಬರ್ 31ಕ್ಕೆ ತಾನೇ, ಇದನ್ನ ಕಂಡುಹಿಡಿದವರೂ ಅವರೇ. "ನನ್ನ ವಯಸ್ಸು ಟೀಮಿಗೆ ಪಾಯಿಂಟ್ ತಂದಿದೆ, ಧಾರಾಳವಾಗಿ ಓದಿ" ಅಂದ್ರು. ಜಪಾನಿನ ಮಿಯೆಕೊ ನಗಾವೊಕಾ ಅಂದ್ರೆ ಅವರಿಗೆ ಪ್ರಾಣ. ಮಂಡಿ ನೋವಿಗೆ ಅಂತ ಎಂಬತ್ತು ದಾಟಿದ ಮೇಲೆ ಈಜು ಶುರು ಮಾಡಿದ ಆ ಅಜ್ಜಿ 2015ರಲ್ಲಿ, 100ನೇ ವಯಸ್ಸಲ್ಲಿ, 25 ಮೀಟರ್ ಪೂಲಲ್ಲಿ 1500 ಮೀಟರ್ ಫ್ರೀಸ್ಟೈಲ್ ಮುಗಿಸಿದ್ರು, 1 ಗಂಟೆ 15 ನಿಮಿಷ 54 ಸೆಕೆಂಡು ಚಿಲ್ಲರೆ. ಆ ವಯಸ್ಸಲ್ಲಿ ಆ ದೂರ ಮುಗಿಸಿದವರು ಅದಕ್ಕೂ ಮುಂಚೆ ಯಾರೂ ಇರ್ಲಿಲ್ಲ. ಅವರು ಈಜಿದ್ದು ಅಂಗಾತ ಮಲಗಿ ಈಜೋ ಬ್ಯಾಕ್‌ಸ್ಟ್ರೋಕ್, ಫ್ರೀಸ್ಟೈಲ್ ಸ್ಪರ್ಧೆಯಲ್ಲಿ ಯಾವ ಸ್ಟ್ರೋಕ್ ಬೇಕಾದ್ರೂ ಹಾಕಬಹುದು. ಮೇಷ್ಟ್ರಿಗೂ ಬ್ಯಾಕ್‌ಸ್ಟ್ರೋಕೇ ಇಷ್ಟ. ನಮ್ಮ ಪೂಲಿನ ಲೆಕ್ಕದಲ್ಲಿ ಅದು 60 ಉದ್ದ ಅಂತ ಎಲ್ಲರಿಗೂ ಹೇಳ್ತಾ ತಿರುಗ್ತಾರೆ, ಅವರದ್ದು ಈಗ 34ಕ್ಕೆ ಬಂದಿದೆ.

ಕಾಯಿಲೆ ವಿಷ್ಯಾನೂ ಹಂಗೇ, ಮುಚ್ಚಿಡೋದೇ ನಿಯಮ ಅಂತ ಮಾಡ್ಲಿಲ್ಲ. ಬೈಪಾಸ್ ಆದ ಒಬ್ಬರು ನಮ್ಮ ಹತ್ರ ಬಂದು "ನನ್ನದನ್ನ ಓದಿ, ಎದೆ ಮೇಲಿನ ಹೊಲಿಗೆ ದಿನಾ ಎಲ್ಲರಿಗೂ ಕಾಣುತ್ತೆ, ಕೇಳೋಕೆ ಸಂಕೋಚ ಪಡ್ತಾರೆ, ಓದಿದ್ರೆ ನಾಲ್ಕು ಜನ ಹೋಗಿ ಚೆಕಪ್ ಮಾಡಿಸ್ಕೋತಾರೆ" ಅಂದ್ರು. ಓದಿದ್ವಿ. ಅದು ಅವರ ಕಥೆ, ಅವರೇ ಕೈಯಾರೆ ಕೊಟ್ಟಿದ್ದು, ಅಕ್ಕನದ್ದನ್ನ ನಾನು ಕದ್ದು ತಂದಿದ್ದು, ಎರಡಕ್ಕೂ ಅಜಗಜಾಂತರ.

ಹಾಲ್ ಬುಕ್ ಮಾಡ್ಲಿಲ್ಲ. ಭಾನುವಾರ ಸೆಷನ್ ಮುಗಿದ ತಕ್ಷಣ ಪೂಲ್ ದಡದಲ್ಲೇ, ತಲೆ ಒದ್ದೆ, ಗಾಗಲ್ಸ್ ಕತ್ತಲ್ಲಿ. ಪತ್ರ ಓದಿದ್ದು ಆಯಾ ಲೇನಿನ ಜೊತೆಗಾರರು, ಒಂದೊಂದು ಐದಾರು ಸಾಲು, ವಾರದ ಹಿಂದೆಯೇ ಸನ್ಮಾನ ಆಗೋರಿಗೆ ತೋರ್ಸಿ ಅವರು ಹೊಡೆದು ಹಾಕಿದ್ದನ್ನ ಬಿಟ್ಟು. ಶಾಲಿನ ಬದಲು ಒಂದು ದಪ್ಪ ಟವೆಲ್, ಮೂಲೆಯಲ್ಲಿ ದಾರದಲ್ಲಿ ಹೆಸರು ಹಾಕ್ಸಿದ್ದು. ಆಮೇಲೆ ಎದುರು ದರ್ಶಿನಿಯಲ್ಲಿ ಎಲ್ಲರಿಗೂ ಇಡ್ಲಿ ವಡೆ ಕಾಫಿ. ಹಿಂದಿನ ವರ್ಷದ ಖರ್ಚಿನಲ್ಲಿ ಕಾಲು ಭಾಗವೂ ಆಗ್ಲಿಲ್ಲ.

ಎಲ್ಲ ಸರಿಹೋಯ್ತು ಅಂತ ಅಲ್ಲ. ಬಸ್ ಅಣ್ಣನಿಗೆ ಟವೆಲ್ ಕೊಟ್ಟಾಗ ಮುಖ ಸ್ವಲ್ಪ ಬಾಡಿತು. ಆಮೇಲೆ ಅವರ ಹೆಂಡತಿ ಹೇಳಿದ್ರು, ಮೂವತ್ತು ವರ್ಷ ಸರ್ವೀಸಲ್ಲಿ ಒಂದು ಶಾಲು ಹೊದಿಸಿದವರಿಲ್ಲ, ಇಲ್ಲಾದ್ರೂ ಆಗುತ್ತೆ ಅಂದ್ಕೊಂಡಿದ್ರು ಅಂತ. ಪೇಟ ಶಾಲು ಅಂದ್ರೆ ಆಡಂಬರ ಅಂತ ನಾವೇ ತೀರ್ಮಾನ ಮಾಡಿದ್ದು ತಪ್ಪಾಯ್ತು, ಯಾರಿಗೆ ಕೊಡ್ತೀವೋ ಅವರನ್ನ ಕೇಳ್ಬೇಕಿತ್ತು. ಮುಂದಿನ ವಾರ ಪೇಟ, ಶಾಲು, ಹಾರ ಎಲ್ಲ ತಂದು ಅವರೇ ಕಟ್ಟಿದ ಲೇನ್ ರೋಪಿನ ಮುಂದೆ ನಿಲ್ಲಿಸಿ ಸನ್ಮಾನ ಮಾಡಿದ್ವಿ, ಮೊಮ್ಮಕ್ಕಳೂ ಬಂದಿದ್ರು. ಆ ಫೋಟೋ ಅವರ ಮನೆ ಟಿವಿ ಮೇಲಿದೆ. ಇನ್ನೊಬ್ಬರು ಎರಡು ವರ್ಷವೂ ತಮ್ಮ ಹೆಸರು ಬರ್ಲಿಲ್ಲ ಅಂತ ಬೇಜಾರಾಗಿ ಬೇರೆ ಪೂಲಿಗೆ ಹೋದ್ರು, ಅವರ ಹತ್ರ ಹೋಗಿ ಮಾತಾಡಿದ್ರೂ ವಾಪಸ್ ಬರ್ಲಿಲ್ಲ, ಅದಕ್ಕೆ ನನ್ನ ಹತ್ರ ಇನ್ನೂ ಪರಿಹಾರ ಇಲ್ಲ.

ಹೆಲ್ತ್ ಫಾರ್ಮುಗಳು ಈಗ ಸೀಲ್ ಮಾಡಿದ ಕವರಲ್ಲಿ ಕೋಚ್ ಸರ್ ಬೀರುವಲ್ಲಿವೆ. ಕವರ್ ಮೇಲೆ ಹೆಸರು ಮತ್ತೆ ಮನೆಯವರ ನಂಬರ್ ಮಾತ್ರ. ನಾನು ನೋಡೋ ಹಾಗಿಲ್ಲ.

ಅಕ್ಕ

ಅಕ್ಕ ಮೇ ತಿಂಗಳಲ್ಲಿ ವಾಪಸ್ ಬಂದ್ರು. ಯಾರಿಗೂ ಹೇಳ್ಲಿಲ್ಲ, ಒಂದು ಬುಧವಾರ ಮೂರನೇ ಲೇನಲ್ಲಿ ಅವರ ಹಸಿರು ಕ್ಯಾಪ್ ಕಂಡ್ತು. ಕೋಚ್ ಸರ್ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ರು, ಯಾರೂ ಹೇಗಿದೀರಾ ಅಂತ ಕೇಳಬಾರ್ದು, ಸೆಟ್ ಏನು ಅಂತ ಮಾತ್ರ ಹೇಳ್ಬೇಕು ಅಂತ. ಪಕ್ಕದವಳು "ಅಕ್ಕ, 50ರದ್ದು ಎಂಟು, ಒಂದು ನಿಮಿಷ ನಲವತ್ತಕ್ಕೆ" ಅಂದಳು, ಅಂದ್ರೆ 50 ಮೀಟರ್ ಎಂಟು ಸಲ, ಒಂದು ನಿಮಿಷ ನಲವತ್ತು ಸೆಕೆಂಡಿಗೊಂದು. ಅಕ್ಕ ಗಾಗಲ್ಸ್ ಒತ್ತಿ ಹೊರಟ್ರು.

ಎರಡನೇ ವರ್ಷದ ಡಬ್ಬದಲ್ಲಿ ಅವರ ಹೆಸರಿಗೆ ಏಳು ಚೀಟಿ ಬಂದಿತ್ತು, ಎಲ್ಲರಿಗಿಂತ ಜಾಸ್ತಿ. ಒಂದರಲ್ಲೂ ಕಾಯಿಲೆ ಮಾತಿಲ್ಲ, ಏಳರಲ್ಲೂ ಗುನುಗೋ ವಿಷ್ಯ. ಪ್ರಶಸ್ತಿ ಬೇಡ ಅಂದ್ರು, ಚೀಟಿಗಳನ್ನ ಮಾತ್ರ ಕೊಡಿ ಅಂತ ಕೇಳಿ ತಗೊಂಡು ಪರ್ಸಲ್ಲಿ ಇಟ್ಕೊಂಡ್ರು. ಆ ಭಾನುವಾರ ದಡದಲ್ಲಿ ನಿಂತು ವಾಚ್‌ಮನ್ ಪತ್ರ ಓದಿದ್ದು ಅಕ್ಕನೇ.

ಈ ಬರಹಾನ ಅವರಿಗೆ ಮೊದಲು ಕಳ್ಸಿದ್ದೆ. ಎರಡು ಸಾಲು ಹೊಡೆದು ಹಾಕಿದ್ರು, ನಾನು ತೆಗ್ದೆ. ಒಂದು ಕಡೆ ತಿದ್ದಿದ್ರು. ಚೀಟಿ ಬಂದಿದ್ದು ಏಳು ಅಂತ ನಾನು ಅವರ ಹತ್ರ ಉಸಿರು ಬಿಡೋದು ಕಲಿತವರೂ ಏಳು ಜನ ಅಂತ ಬರ್ದಿದ್ದೆ, "ಎಂಟು ಜನ, ಸರಿಯಾಗಿ ಬರಿ, ಒಬ್ಬಳು ಚೀಟಿ ಹಾಕಿಲ್ಲ ಅಷ್ಟೇ" ಅಂತ ಮೆಸೇಜ್ ಮಾಡಿದ್ರು.